ಅತ್ತೆ ತಂದ ಎರಡೂರ ನೀರು

ಬಾಟಲಿಯ ನೀಲಿ ಮುಚ್ಚಳದ ಮೇಲೆ ಬಾಲ್‌ಪೆನ್ನಿನಿಂದ ‘ಹೈ’ ಎಂದು ಬರೆದಿತ್ತು. ಪಕ್ಕದ ಬಿಳಿ ಮುಚ್ಚಳದ ಮೇಲೆ ‘ಬೆಂ’. ಎರಡರಲ್ಲೂ ಮುಕ್ಕಾಲು ಭಾಗ ನೀರು. ನಮ್ಮ ಕೊಪ್ಪಳದ ಮನೆಯಲ್ಲಿ ದೇವರ ಮಾಡದ ಕೆಳಗೆ ಅವು ಎರಡು ದಿನ ಕುಳಿತಿದ್ದವು. ದೇವರಿಗೆ ಕೈಮುಗಿದವರು ಹಾಗೇ ತುಸು ಬಾಗಿ ಅವಕ್ಕೂ ಮುಗಿದು ಹೋಗುತ್ತಿದ್ದರು. ಯಾವುದೋ ತೀರ್ಥವಿರಬೇಕು ಎಂದು!

ತೀರ್ಥವಲ್ಲ. ಒಂದು ಹೈದರಾಬಾದಿನ ನಳದ ನೀರು, ಇನ್ನೊಂದು ಬೆಂಗಳೂರಿನದು. ತಂದವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ.

ನನ್ನ ಈ ಅತ್ತೆ ಜಗತ್ತಿನಲ್ಲಿ ಯಾರ ಮಾತನ್ನೂ ನಂಬುವುದಿಲ್ಲ. ದೇವರನ್ನು ನಂಬುತ್ತಾಳೆ, ಆದರೆ ಅವನೂ ಒಂದೇ ಸಲಕ್ಕೆ ಪಾಸಾಗುವುದಿಲ್ಲ. ಗುಡಿಯಲ್ಲಿ ಅಪ್ಪಣೆ ಕೇಳಿದಾಗ ಮೂರ್ತಿಯ ಬಲಗಡೆಯಿಂದಲೇ ಹೂ ಬಿದ್ದರೂ, “ಪೂಜಾರಪ್ಪ, ಗಾಳಿಗಿ ಬಿತ್ತೇನೋ ನೋಡು. ಆ ಫ್ಯಾನ್ ಆರಿಸಿ ಇನ್ನೊಮ್ಮಿ ಕೇಳು” ಎನ್ನುತ್ತಾಳೆ. ಪೂಜಾರಿ ಈಗೀಗ ಅವಳು ಬರುವುದು ಕಂಡರೆ ತಾನೇ ಫ್ಯಾನ್ ಆರಿಸುತ್ತಾನಂತೆ.

ಇದಕ್ಕೆ ಅವಳ ಕಸುಬೂ ಕಾರಣವಿರಬಹುದು. ಕುಷ್ಟಗಿಯ ಆಚೆ ರಸ್ತೆ ಬದಿಯ ಒಂದು ಹಳ್ಳಿಯಲ್ಲಿ ಅವಳಿಗೆ ಎರಡು ಎಕರೆ ಹೊಲವಿದೆ. ಅದರಲ್ಲಿ ಕಂಪನಿಗಳಿಗೆ ಸೌತೆ, ಹೀರೆ, ಕಲ್ಲಂಗಡಿಯ ಬೀಜ ಮಾಡಿಕೊಡುತ್ತಾಳೆ. ಗಂಡು ಹೂ ಹರಿದು ತಂದು, ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸಿ, ಮುಟ್ಟಿಸಿದ ಗುರುತಿಗೆ ದಾರ ಕಟ್ಟುವ ಕೆಲಸ. ಊರಲ್ಲಿ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಬಿತ್ತಲು ಕೊಡುವ ಪಾಕೀಟಿನ ಮೇಲೆ ನೂರಕ್ಕೆ ಎಷ್ಟು ಬೀಜ ಮೊಳೆಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಎಲ್ಲರೂ ಅದನ್ನು ಓದಿ ಬಿತ್ತುತ್ತಾರೆ. ಅತ್ತೆ ಮಾತ್ರ ಒದ್ದೆ ಬಟ್ಟೆಯಲ್ಲಿ ಹತ್ತು ಸಾಲು ಮಾಡಿ ನೂರು ಬೀಜ ಇಟ್ಟು, ಸುತ್ತಿ, ಕೆಲವು ದಿನಗಳ ಮೇಲೆ ಬಿಚ್ಚಿ, ಮೊಳಕೆ ಎಣಿಸಿಯೇ ಹೊಲಕ್ಕಿಳಿಯುವುದು.

“ಪಾಕೀಟಿನ ಮ್ಯಾಲ ತೊಂಬತ್ತೈದು ಅಂತ ಬರದೈತಲ್ರೀ ಅಕ್ಕಾರ?” ಎಂದು ಏಜೆಂಟ್ ಒಮ್ಮೆ ಕೇಳಿದ್ದ.

“ಬರದಾಂವ ನನ್ನ ಹೊಲಕ್ಕ ಬಂದಿದ್ನೇನು?”

ಆ ಸಲ ಅವಳ ಬಟ್ಟೆಯಲ್ಲಿ ನಲವತ್ತೆರಡು ಬಂತು. ಪಾಕೀಟುಗಳನ್ನು ವಾಪಸು ಕೊಟ್ಟಳು. ನಂಬಿ ಬಿತ್ತಿದವರ ಹೊಲಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡವು. ಅಂದಿನಿಂದ ನಮ್ಮ ಬಳಗದಲ್ಲಿ ಅತ್ತೆಯ ಎಣಿಕೆ ಎಂದರೆ ಕೋರ್ಟಿನ ತೀರ್ಪು. ಒಂದು ಹೆಚ್ಚು ಹೇಳಿದವಳಲ್ಲ, ಒಂದು ಕಡಿಮೆ ಹೇಳಿದವಳಲ್ಲ. ಬೇರು ಬಂದು ಎಲೆ ಬಾರದ ಕಾಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. “ಅದು ಹುಟ್ಟೇತಿ, ಬದುಕಾಂಗಿಲ್ಲ” ಎಂದು ಪಕ್ಕಕ್ಕೆ ಸರಿಸುತ್ತಾಳೆ.

ಹೊಲಕ್ಕಷ್ಟೇ ಈ ಪರೀಕ್ಷೆ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿಯೇ ಇರಲಿಲ್ಲ. ಕೊಪ್ಪಳದ ಪಾತ್ರೆ ಅಂಗಡಿಗೆ ಕುಕ್ಕರ್ ಕೊಳ್ಳಲು ಹೋದಾಗ ಅವಳ ಚೀಲದಲ್ಲಿ ಒಂದು ಪಾವು ತೊಗರಿಬೇಳೆ ಇತ್ತು. ಅಂಗಡಿಯ ಮಾಲೀಕರ ಮನೆ ಅಲ್ಲೇ ಹಿಂದೆ. ಮೂರು ಕುಕ್ಕರಿನಲ್ಲಿ ಬೇಳೆ ಬೇಯಿಸಿ, ಮೂರನ್ನೂ ಹಿಚುಕಿ ನೋಡಿ, ಎರಡನೆಯದನ್ನು ಆರಿಸಿದಳು. ಮಾಲೀಕರು ಸಿಟ್ಟಾದರೇ? ಎಲ್ಲಿ! ಆ ಮೂರು ಕುಕ್ಕರಿನ ಬೇಳೆಯಲ್ಲಿ ಅವರ ಮನೆಯ ಎರಡು ಹೊತ್ತಿನ ಸಾರಾಯಿತು!

ದೊಡ್ಡಕ್ಕನಿಗೆ ಯಲಬುರ್ಗಾದ ಗಂಡು ಗೊತ್ತಾಗುವಾಗ ಎಲ್ಲರೂ ಅವನ ಓದು, ಹೊಲ, ನೌಕರಿ ವಿಚಾರಿಸಿದರು. ಅತ್ತೆ ಹೇಳದೆ ಕೇಳದೆ ಆ ಊರಿಗೆ ಹೋಗಿ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಅರ್ಧ ದಿನ ಕುಳಿತಳು. ಹುಡುಗ ಬೀಸಿಸಲು ಬಂದ. ಕರೆಂಟು ಹೋಯಿತು. ಒಂದು ತಾಸು ಎಲ್ಲರೂ ಕಾದರು. ಅತ್ತೆ ಅವನನ್ನೇ ನೋಡುತ್ತಿದ್ದಳು. ಸಂಜೆ ಬಂದು, “ಕೊಡ್ರಿ. ಸಾಲಾಗ ಸುಮ್ನ ನಿಂತಿದ್ದ, ಮುದುಕಿ ಒಬ್ಬಾಕಿನ್ನ ಮುಂದ ಬಿಟ್ಟ” ಎಂದಳು. ಮದುವೆಯಾಗಿ ಒಂಬತ್ತು ವರ್ಷವಾಯಿತು. ಭಾವ ಇವತ್ತಿಗೂ ಗಿರಣಿಗೆ ಹೋದರೆ ಮೊದಲು ಸುತ್ತ ಕುಳಿತ ಹೆಂಗಸರ ಮುಖಗಳನ್ನು ಒಂದು ಸುತ್ತು ನೋಡಿಯೇ ಡಬ್ಬಿ ಇಡುತ್ತಾರೆ.

ಇಂಥ ಅತ್ತೆಯ ಕೈಗೆ ಈ ಸಲ ಸಿಕ್ಕವಳು ನಾನು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಎರಡು ಕಡೆ ಕೆಲಸ ಸಿಕ್ಕಿತ್ತು. ಹೈದರಾಬಾದಿನಲ್ಲಿ ಔಷಧಿ ಪರೀಕ್ಷಿಸುವ ಪ್ರಯೋಗಾಲಯ, ಬೆಂಗಳೂರಿನಲ್ಲಿ ಆಹಾರ ಪರೀಕ್ಷಿಸುವ ಪ್ರಯೋಗಾಲಯ. ಸಂಬಳ ಹೆಚ್ಚುಕಡಿಮೆ ಒಂದೇ. ಕೊಪ್ಪಳದಿಂದ ಎರಡೂ ಒಂದು ರಾತ್ರಿಯ ದಾರಿ. ಎರಡು ವಾರದ ಆಚಿನ ಸೋಮವಾರದೊಳಗೆ ಇಬ್ಬರಿಗೂ ಉತ್ತರ ಕೊಡಬೇಕಿತ್ತು.

ಅಪ್ಪ ಹಾಳೆಯ ನಡುವೆ ಗೆರೆ ಎಳೆದು ಪಟ್ಟಿ ಮಾಡಲು ಕುಳಿತರು. ಬೆಂಗಳೂರಿನ ಕಡೆಗೆ ಮೊದಲ ಸಾಲು: ‘ನಮ್ಮವರ ಮನೆಗಳು, ಹನ್ನೊಂದು.’ ಹೈದರಾಬಾದಿನ ಕಡೆಗೆ: ‘ಯಾರೂ ಇಲ್ಲ.’ ಅಲ್ಲಿಗೇ ಅಪ್ಪನಿಗೆ ಪಟ್ಟಿ ಮುಗಿದಂತಿತ್ತು. ಹೈದರಾಬಾದಿನ ಪರ ಇದ್ದವರು ಗಂಗಾವತಿಯ ಸೋದರಮಾವ ಒಬ್ಬರೇ.

“ಭಾವಾರ, ಹೈದರಾಬಾದು ನಮ್ಮ ಹಳೇ ರಾಜಧಾನಿ ರೀ. ನಮ್ಮಜ್ಜನ ಹೊಲದ ಕಾಗದ ಇನ್ನೂ ಉರ್ದುದಾಗ ಅದಾವು.”

“ನಿಮಗ ಓದಾಕ ಬರ್ತೈತೇನು?”

“ಇಲ್ಲ. ಅದಕ್ಕ ಹೇಳೂದು. ಈಕಿ ಅಲ್ಲಿಗಿ ಹೋದ್ರ ಯಾರ ಕಡಿಂದಾದ್ರೂ ಓದಿಸ್ಕೊಂಡ್ ಬರ್ತಾಳ!”

ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೆಚ್ಚು ಮಾತಾಡುವವಳಲ್ಲ. ಮನೆಯಲ್ಲಿ ಇದಕ್ಕೆ ‘ಶಾಣ್ಯಾಕಿ’, ಅಂದರೆ ಜಾಣೆ, ಎಂಬ ಬಿರುದು ಕೊಟ್ಟಿದ್ದಾರೆ. ಬಿರುದು ಕೊಟ್ಟ ಮೇಲೆ ಅಭಿಪ್ರಾಯ ಕೇಳುವ ಅಗತ್ಯವೇನು? ಕೇಳಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ನನಗೆ ಹೈದರಾಬಾದೇ ಬೇಕಾಗಿತ್ತು. ಕಾರಣ ಅಪ್ಪನ ಪಟ್ಟಿಯಲ್ಲೇ ಇತ್ತು: ಯಾರೂ ಇಲ್ಲ. ಹುಟ್ಟಿದಾಗಿನಿಂದ ನಾನು ಬಾಗಿಲು ಹಾಕಿಕೊಂಡು ಒಂದು ಪುಸ್ತಕ ಓದಿ ಮುಗಿಸಿದ್ದಿಲ್ಲ. ಒಂದು ಕೋಣೆ, ಅದಕ್ಕೊಂದು ಚಿಲಕ, ಸಂಜೆಗೆ ‘ಎಲ್ಲಿಗಿ ಹೋಗಿದ್ದಿ’ ಎಂದು ಕೇಳದ ಒಂದು ಊರು. ಇದನ್ನು ಜೋರಾಗಿ ಹೇಳಿದರೆ ಹನ್ನೊಂದು ಮನೆಗಳಿಗೆ ಒಮ್ಮೆಗೇ ಅವಮಾನ ಮಾಡಿದಂತೆ. ಪ್ರತಿಯೊಂದು ಮನೆಯವರೂ ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದೇ ತೊಂದರೆ.

ಅತ್ತೆ ಅಪ್ಪನ ಹಾಳೆಯನ್ನು ತಿರುವಿ ನೋಡಿ ಕೆಳಗಿಟ್ಟಳು. “ಹಾಳ್ಯಾಗ ಬರದ್ರ ಊರು ತಿಳೀತೈತೇನೋ ತಮ್ಮಾ? ಊರಂದ್ರ ನೀರು. ಎರಡೂ ಊರ ನೀರಾಗ ಕಾಳು ಹಾಕಿ ನೋಡೂಣು. ಯಾವೂರ ನೀರಿಗಿ ಛಲೋ ಮೊಳಕಿ ಬರ್ತಾವೋ, ಹುಡುಗಿ ಆ ಊರಿಗಿ.”

ಯಾರಾದರೂ ನಕ್ಕರೇ? ಇಲ್ಲ. ಕುಕ್ಕರ್ ಇನ್ನೂ ಗಟ್ಟಿಯಾಗಿತ್ತು, ಭಾವ ಇನ್ನೂ ಒಳ್ಳೆಯವರಾಗಿದ್ದರು. ಅಪ್ಪ ಹಾಳೆ ಮಡಚಿಟ್ಟರು.

“ಅತ್ತಿ, ಇದು ವಿಜ್ಞಾನ ಅಲ್ಲ” ಎಂದೆ. “ನೀರಾಗಿನ ಉಪ್ಪಿನ ಅಂಶ ತಿಳೀತೈತಿ, ಅಷ್ಟ.”

“ಹೌದೇನು? ಹಂಗಾದ್ರ ನಿನ್ನ ವಿಜ್ಞಾನ ಏನಂತೈತಿ? ಯಾವೂರಿಗಿ ಹೋಗು ಅಂತೈತಿ?”

ನಾನು ಎದ್ದು ಎರಡು ಖಾಲಿ ಬಾಟಲಿ ಹುಡುಕಿ ತೊಳೆದಿಟ್ಟೆ.

ಪ್ರಮಾಣಪತ್ರಗಳನ್ನು ತೋರಿಸಲು ಎರಡೂ ಊರಿಗೆ ಹೇಗೂ ಹೋಗಬೇಕಿತ್ತು. ಅತ್ತೆ ಖಾಲಿ ಬಾಟಲಿ ಹಿಡಿದು ಜೊತೆಗೆ ಬಂದಳು. ಹೈದರಾಬಾದಿನಲ್ಲಿ ಪ್ರಯೋಗಾಲಯದ ಗೇಟಿನ ಕಾವಲುಗಾರ ಸೀಲು ಮಾಡಿದ ಬಾಟಲಿ ಕೊಡಲು ಬಂದ. ಕುಷ್ಟಗಿ ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ ಅತ್ತೆ, ಇದು ಬೇಡ, ನಿನ್ನ ಮನೆಯ ನಳದ್ದು ಬೇಕು ಎಂದಳು. ಅವನ ಮನೆ ಎರಡು ಬೀದಿ ಆಚೆ. ನಾನು ಸಹಿ ಹಾಕಿ ಬರುವಷ್ಟರಲ್ಲಿ ಅವಳು ಅವನ ಮನೆಯಲ್ಲಿ ಚಹಾ ಕುಡಿದು, ಅವನ ಹೆಂಡತಿಯ ಮಂಡಿನೋವಿಗೆ ಎಣ್ಣೆ ಹೇಳಿ, ನೀರು ತುಂಬಿಸಿಕೊಂಡು ಗೇಟಿಗೆ ಬಂದಿದ್ದಳು. ನನಗೆ ಗೊತ್ತಿದ್ದ ಹೈದರಾಬಾದ್ ಒಂದು ಕಟ್ಟಡ. ಅವಳಿಗೆ ಒಂದು ಓಣಿ ಪೂರ್ತಿ ಗೊತ್ತಾಗಿತ್ತು!

ಬೆಂಗಳೂರಿನಲ್ಲಿ ಹನ್ನೊಂದರಲ್ಲಿ ಒಂದು ಮನೆಗೆ, ಅಪ್ಪನ ಚಿಕ್ಕಪ್ಪನ ಮಗನ ಮನೆಗೆ, ಇಳಿದೆವು. ಫ್ರಿಜ್ಜಿಗೂ ದಿವಾನಕ್ಕೂ ನಡುವೆ ನನಗಾಗಿ ಹಾಕಲಿರುವ ಮಂಚದ ಜಾಗವನ್ನು ಚಿಕ್ಕಮ್ಮ ತೋರಿಸಿದರು. ಸಂಜೆಯೊಳಗೆ ನನ್ನ ಫೋನು ನಾಲ್ಕು ಸಲ ರಿಂಗಣಿಸಿತು, ನಾಲ್ಕು ಸಲವೂ “ಯಾರ್ದವಾ ಫೋನು?” ಎಂದು ಕೇಳಿದರು. ನಾನು ಹೇಳಿದೆ. ಅತ್ತೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ಅಲ್ಲಿ ನೀರಿನದೇ ಸಮಸ್ಯೆಯಾಯಿತು. ಆ ವಾರ ಅವರ ಕಟ್ಟಡಕ್ಕೆ ಟ್ಯಾಂಕರ್ ನೀರು.

“ಟ್ಯಾಂಕರ್ ನೀರು ಯಾವೂರದು?” ಎಂದಳು ಅತ್ತೆ.

“ಎಲ್ಲೋ ಬೋರಿಂದ ತುಂಬ್ಕೊಂಡ್ ಬರ್ತಾರ ಅಕ್ಕಾರ, ಯಾರಿಗಿ ಗೊತ್ತು!”

“ಹಂಗಾದ್ರ ಆ ಬೋರಿಗೇ ಹೋಗೂಣು.”

ಟ್ಯಾಂಕರಿನ ಚಾಲಕನಿಗೆ ಫೋನು ಹೋಯಿತು. ಯಾರೋ ದೂರು ಕೊಡಲು ಬರುತ್ತಿದ್ದಾರೆಂದು ಹೆದರಿದ ಅವನು ಎರಡು ದಿನ ಅತ್ತ ಸುಳಿಯಲಿಲ್ಲ. ಇಡೀ ಕಟ್ಟಡ ಸ್ನಾನವಿಲ್ಲದೆ ಕುಳಿತಿತು. ಕೊನೆಗೆ ಪಕ್ಕದ ಬೀದಿಯ ಒಂದು ಮನೆಗೆ ನದಿಯ ನೀರು ಬರುತ್ತದೆಂದು ತಿಳಿದು, ಅಲ್ಲಿಂದ ‘ಬೆಂ’ ಬಾಟಲಿ ತುಂಬಿತು.

ಗುರುವಾರ ಬೆಳಿಗ್ಗೆ ಎರಡು ಬಿಳಿ ಬಟ್ಟೆಗಳಲ್ಲಿ ನೂರು ನೂರು ಹೆಸರುಕಾಳು ಸಾಲಾಗಿ ಕುಳಿತವು. ಒಂದೊಂದು ಊರಿನ ನೀರು ಚಿಮುಕಿಸಿ, ಸುತ್ತಿ, ಮಾಳಿಗೆಯ ಕೋಣೆಯಲ್ಲಿಟ್ಟಳು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ದಿನಕ್ಕೆ ಮೂರು ಸಲ ಮೇಲೆ ಹೋಗಿ ‘ಹೈ’ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ‘ಬೆಂ’ ಬಟ್ಟೆಯ ಯೋಗಕ್ಷೇಮ ಅದಕ್ಕೇ ಬಿಟ್ಟಿದ್ದೆ. ವಿಶ್ವವಿದ್ಯಾಲಯದಲ್ಲಿ ಇಂಥ ಪ್ರಯೋಗ ಮಾಡಿದ್ದರೆ ನನ್ನನ್ನು ಹೊರಗೆ ಕಳಿಸುತ್ತಿದ್ದರು.

ಭಾನುವಾರ ಸಂಜೆ ಬಟ್ಟೆ ಬಿಚ್ಚುವ ಹೊತ್ತು. ಕೆಳಗೆ ಅಪ್ಪ, ಅವ್ವ, ಗಂಗಾವತಿಯ ಮಾವ ಮಿರ್ಚಿ ಭಜಿ ತಿನ್ನುತ್ತ ಕಾಯುತ್ತಿದ್ದರು. ಮಾತಾಡುವವರಿದ್ದರೆ ಎಣಿಕೆ ಕೆಡುತ್ತದೆಂದು ಅತ್ತೆ ನನ್ನೊಬ್ಬಳನ್ನೇ ಮಾಳಿಗೆಗೆ ಕರೆದಳು. ನಾನು ಮಾತಾಡುವುದಿಲ್ಲವಲ್ಲ!

ಮೊದಲು ‘ಹೈ’. ಅವಳು ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಎಣಿಸಿದಳು. ತೊಂಬತ್ತೊಂದು. ಚೆನ್ನಾಗಿಯೇ ಇತ್ತು. ಆಮೇಲೆ ‘ಬೆಂ’. ತೊಂಬತ್ತು ಆದಾಗ ಇನ್ನೂ ಪೂರಾ ಒಂದು ಸಾಲು ಉಳಿದಿತ್ತು. ನಾನು ಎಲೆ ಬಾರದ ಕಾಳುಗಳನ್ನು ಹುಡುಕಿದೆ. ಮೂರೇ ಸಿಕ್ಕವು. ತೊಂಬತ್ತೇಳು.

ಮತ್ತೊಮ್ಮೆ ಎಣಿಸಿದೆವು. ತೊಂಬತ್ತೇಳೇ.

“ಆತು” ಎಂದೆನೋ ಏನೋ. ಫ್ರಿಜ್ಜಿಗೂ ದಿವಾನಕ್ಕೂ ನಡುವಿನ ಜಾಗ ಎಷ್ಟು ಅಗಲವಿತ್ತು ಎಂದು ನೆನಪಿಸಿಕೊಳ್ಳುತ್ತಿದ್ದೆ. ತಲೆ ಎತ್ತಿದಾಗ ಅತ್ತೆ ಬಟ್ಟೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಅವಳು ಬೋಗುಣಿ ಎಳೆದುಕೊಂಡು, ಎರಡೂ ಬಟ್ಟೆಗಳನ್ನು ಒಂದರ ಮೇಲೊಂದು ಕೊಡವಿದಳು. ಇನ್ನೂರು ಕಾಳು ಒಟ್ಟಾದವು. ಕೈ ಹಾಕಿ ಚೆನ್ನಾಗಿ ಕಲಸಿದಳು. ಇನ್ನು ಯಾವ ಊರಿನದು ಯಾವುದೆಂದು ಯಾರು ಹೇಳಬೇಕು?

ಮೆಟ್ಟಿಲ ಮೇಲೆ ನಿಂತು ಕೂಗಿದಳು: “ತಮ್ಮಾ! ಒಂದು ತೊಂಬತ್ತೇಳು, ಒಂದು ತೊಂಬತ್ತೊಂದು. ಹೈದರಾಬಾದು ಮುಂದೈತಿ!”

ಕೆಳಗೆ ಮಾವ ಚಪ್ಪಾಳೆ ತಟ್ಟಿದರು. “ನಾ ಹೇಳಿದ್ದಿಲ್ಲೇನ್ರೀ ಭಾವಾರ!” ಅಪ್ಪ “ಅಕ್ಕ ಎಣಿಸ್ಯಾಳಂದ್ರ ಮುಗೀತು” ಎಂದರು.

ನಾನು ಅತ್ತೆಯ ಕೈ ಹಿಡಿದೆ. “ಅತ್ತಿ, ನೀ ಸುಳ್ಳು ಹೇಳ್ದಿ.”

“ಅಂಕಿ ನಾ ಮುಟ್ಟಿಲ್ಲ ಬೇ” ಎಂದಳು, ತುಸು ಗದರಿಸುವ ದನಿಯಲ್ಲಿ. “ಊರಷ್ಟ ಆಕಡಿ ಈಕಡಿ ಆಗ್ಯಾವ.” ಆಮೇಲೆ ಬೋಗುಣಿಯೊಳಗೆ ನೋಡುತ್ತ, “ಆ ಮನ್ಯಾಗ ನಾಕ್ ಸಲ ಫೋನ್ ಕೇಳಿದ್ರು. ನಾಕ್ ಸಲಾನೂ ನಿನ್ನ ಮಾರಿ ನೋಡೀನಿ. ನೀರು ಛಲೋ ಇದ್ರ ಸಾಲ್ತೈತೇನು? ಕಾಳಿಗಿ ಒಂದೀಟು ಜಾಗಾನೂ ಬೇಕು” ಎಂದಳು. ನನ್ನ ಕೈ ಬಿಡಿಸಿಕೊಂಡು ಬೋಗುಣಿ ಎತ್ತಿಕೊಂಡು ಇಳಿದು ಹೋದಳು. ಇಳಿಯುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ಕಾಳು ಹೆಚ್ಚು ಕಡಿಮೆ ಹೇಳದವಳು ಆರು ಕಾಳಿನ ಸುಳ್ಳು ಹೊತ್ತು ಇಳಿಯುತ್ತಿದ್ದಳು, ನನ್ನ ಸಲುವಾಗಿ.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ಕುಷ್ಟಗಿಯ ಬಸ್ಸು ಹಿಡಿದು ಹೋಗಿದ್ದಳು. ಕ್ರಾಸಿಂಗ್ ದಿನಗಳು ಶುರುವಾಗಿದ್ದವು, ಹೂಗಳು ಬಿಸಿಲೇರುವ ತನಕ ಕಾಯುವುದಿಲ್ಲ. ನಾನು ಎಂಟು ಗಂಟೆಗೆ ಹೈದರಾಬಾದಿಗೆ ಒಪ್ಪಿಗೆ ಬರೆದೆ, ಬೆಂಗಳೂರಿಗೆ ಕ್ಷಮೆ ಕೇಳಿ ಬರೆದೆ. ಆಮೇಲೆ ಅಡುಗೆಮನೆಗೆ ಹೋದೆ. ಅವ್ವ ಆ ಇನ್ನೂರು ಕಾಳಿಗೆ ಒಗ್ಗರಣೆ ಹಾಕಿ, ಕೊಬ್ಬರಿ ಉದುರಿಸಿ ಉಸುಳಿ ಮಾಡಿದ್ದಳು. ಅಪ್ಪ ತಟ್ಟೆ ಹಿಡಿದು ಬಂದು, ತನಗೂ ಒಂದಿಷ್ಟು ಇಡು ಎಂದರು.

ನಾನು ಇಡಲಿಲ್ಲ; ಅತ್ತೆಯ ಸುಳ್ಳಿಗೆ ಉಳಿದಿದ್ದ ಸಾಕ್ಷಿ ಅದೊಂದೇ. ಬೋಗುಣಿಯ ಮುಂದೆ ಕುಳಿತು ಪೂರ್ತಿ ನಾನೇ ತಿಂದೆ.