ವಿಮಾನಪುರದಲ್ಲಿ ಬೀಗರ ನೌಕಾಯುದ್ಧ

ಅಂಗಡಿ ಅಂತ ಒಂದು ಇಟ್ಕೊಂಡ್ಮೇಲೆ, ಬೇಡ ಅಂದ್ರೂ ತಮಾಷೆಗಳು ಬಾಗಿಲು ತಳ್ಕೊಂಡು ಒಳಗೆ ಬರ್ತವೆ. ನಂದು ಅರ್ಧ ಜೆರಾಕ್ಸ್ ಅಂಗಡಿ, ಅರ್ಧ ಗೇಮಿಂಗ್ ಸೆಂಟರ್. ಬೆಳಿಗ್ಗೆ ಆಧಾರ್, ಪ್ಯಾನ್, ಪಿಂಚಣಿ. ಸಂಜೆ ಕಡಲ್ಗಳ್ಳರು, ಡ್ರ್ಯಾಗನ್ನು. ಎರಡೂ ಕಡೆಯವರು ನನ್ನ ಮೇಲೆ ಒಂದೇ ಥರ ಕಿರುಚ್ತಾರೆ, ಅದು ಬಿಡಿ. ಆದ್ರೆ ಇತ್ತೀಚೆಗೆ ನಡೆದಿದ್ದಿದೆಯಲ್ಲ, ಅಂಥದ್ದನ್ನ ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಂದು ಹೆಣ್ಣು ಕೂಸಿಗೆ ಏನು ಹೆಸರಿಡೋದು ಅಂತ ನಮ್ಮ ಅಂಗಡಿಯ ಕಂಪ್ಯೂಟರ್ ಮೇಲೆ ನೌಕಾಯುದ್ಧ ನಡೀತು. ವಿಮಾನಪುರದಿಂದ ಸಮುದ್ರ ನೋಡ್ಬೇಕಂದ್ರೆ ರಾತ್ರಿಯೆಲ್ಲ ಬಸ್ಸಲ್ಲಿ ಕೂರ್ಬೇಕು. ಯುದ್ಧ ಮಾತ್ರ ಇಲ್ಲೇ ಬೇಕಿತ್ತು ಇವ್ರಿಗೆ.

೧. ಬದುಕಿದ್ದೀರಾ ಸಾರ್?

ಇದೆಲ್ಲ ಶುರುವಾಗಿದ್ದು ಒಂದು ಲೈಫ್ ಸರ್ಟಿಫಿಕೇಟಿಂದ. ವಿಮಾನ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಜೀವಮಾನ ಕಳೆದು ರಿಟೈರ್ ಆದ ಅಂಕಲ್ ಒಬ್ರು ಬಂದ್ರು. ಪಿಂಚಣಿ ಬರ್ಬೇಕಂದ್ರೆ ಬದುಕಿದ್ದೀನಿ ಅಂತ ವರ್ಷಕ್ಕೊಂದ್ಸಲ ಹೆಬ್ಬೆಟ್ಟು ಒತ್ತಿ ತೋರಿಸ್ಬೇಕಲ್ಲ, ಅದಕ್ಕೆ. ಮೆಷಿನ್ ಒಪ್ಪಲಿಲ್ಲ. ಬಲಗೈ ಆಯ್ತು, ಎಡಗೈ ಆಯ್ತು, ಎಣ್ಣೆ ಹತ್ಲಿ ಅಂತ ಬೆರಳನ್ನ ತಲೆಗೆ ಉಜ್ಜಿದ್ದೂ ಆಯ್ತು. ಕಬ್ಬಿಣ ಮುಟ್ಟಿ ಮುಟ್ಟಿ ಗೆರೆಗಳೇ ಸವೆದುಹೋಗಿದ್ವು. ಕೊನೆಗೆ ಸರ್ವರ್ರೂ ಮಲಗ್ತು.

"ಅರ್ಧ ಗಂಟೆ ಕೂತ್ಕೊಳ್ಳಿ ಸಾರ್," ಅಂದೆ.

ಅಂಕಲ್ ಹೋಗಿ ಖಾಲಿ ಇದ್ದ ಗೇಮಿಂಗ್ ಕುರ್ಚಿ ಮೇಲೆ ಕೂತ್ರು. ಹಿಂದಿನ ದಿನ ಯಾರೋ ಕಡಲ್ಗಳ್ಳರ ಆಟ ಹಾಗೇ ಬಿಟ್ಟು ಹೋಗಿದ್ರು. ಕೈ ಸುಮ್ನಿರಬೇಕಲ್ಲ, ಯಾವುದೋ ಬಟನ್ ಒತ್ತಿದ್ರು. ಢಮ್ ಅಂತ ಹಡಗಿನ ಮದ್ದಿನ ಕೋಣೆ ಸಿಡಿದು, ಪರದೆ ಮೇಲೆ ಕೆಂಪಕ್ಷರ ಬಂತು: ನೀವು ಸತ್ತಿದ್ದೀರಿ.

ಅಂಕಲ್ ಕನ್ನಡಕ ತೆಗೆದು ನನ್ನ ಕಡೆ ತಿರುಗಿದ್ರು. "ಏನಯ್ಯಾ ಇದು! ಆ ಮೆಷಿನ್ನು ನಾನು ಬದುಕಿದ್ದೀನಿ ಅಂದ್ರೆ ಒಂದು ಗಂಟೆಯಿಂದ ನಂಬ್ತಿಲ್ಲ. ಇದು ಸತ್ತಿದ್ದೀನಿ ಅಂತ ಒಂದೇ ಬಟನ್ನಿಗೆ ಒಪ್ಕೊಂಡ್ಬಿಡ್ತು!"

೨. ಒಂದೂ ಡಿಫೆಕ್ಟ್ ಇಲ್ಲದ ಹಡಗು

ಮಾರನೇ ದಿನ ಹತ್ತು ಗಂಟೆಗೆ ಸರಿಯಾಗಿ ಮತ್ತೆ ಹಾಜರ್. ಕೈಯಲ್ಲಿ ಒಂದು ನೋಟ್‌ಬುಕ್ಕು, ಕಿವಿ ಮೇಲೆ ಪೆನ್ಸಿಲ್ಲು. "ಆ ಹಡಗು ಹಾಕು," ಅಂದ್ರು. ಹಾಕಿಕೊಟ್ಟೆ. ಆನ್‌ಲೈನಲ್ಲಿ ಇನ್ಯಾರೋ ಹುಡುಗರ ಜೊತೆ ಒಂದೇ ಹಡಗಿಗೆ ಸೇರ್ಕೊಂಡ್ರು. ಮೂರು ದಿನ ಆ ಹಡಗು ಬಂದರು ಬಿಟ್ಟು ಅಲ್ಲಾಡಲಿಲ್ಲ. ಅಂಕಲ್ ಒಂದೊಂದೇ ಹಗ್ಗ, ಒಂದೊಂದೇ ಹಲಗೆ ನೋಡಿ ಟಿಕ್ ಹಾಕ್ತಿದ್ರು.

ನಾಲ್ಕನೇ ದಿನ ಡ್ರ್ಯಾಗನ್ನೇ ಬಂದರಿಗೆ ಬಂತು. ಅದಕ್ಕೂ ಕಾದು ಕಾದು ಸಾಕಾಗಿತ್ತು ಅನ್ಸುತ್ತೆ. ಹೆಡ್‌ಫೋನಲ್ಲಿ ಒಬ್ಬ ಹುಡುಗ ಬಡ್ಕೊಳ್ತಿದ್ದ, ನನಗೂ ಕೇಳಿಸ್ತಿತ್ತು.

"ಅಂಕಲ್, ಫೈರ್ ಮಾಡಿ! ಬೇಗ ಗುರೂ!"

"ಈ ಫಿರಂಗಿಗೆ ಕ್ಲಿಯರೆನ್ಸ್ ಯಾರು ಕೊಟ್ಟಿದ್ದು?"

"ಅಂಕಲ್, ಅದು ಬೆಂಕಿ ಉಗುಳ್ತಿದೆ!"

"ಉಗುಳ್ಲಿ. ಚೆಕ್ ಮಾಡದೇ ಇರೋ ಮಾಲು ನನ್ನ ಕೈಯಿಂದ ಹೊರಗೆ ಹೋಗಲ್ಲ."

ಹಡಗು ಸುಟ್ಟು ಬೂದಿಯಾಯ್ತು. ಆ ಹುಡುಗ ಏನೇನೋ ಬೈದು ಲೈನ್ ಕಟ್ ಮಾಡ್ದ. ಅಂಕಲ್ ಮಾತ್ರ ನೆಮ್ಮದಿಯಾಗಿ ನೋಟ್‌ಬುಕ್ ಮುಚ್ಚಿದ್ರು. "ನೋಡಪ್ಪಾ, ಒಂದೇ ಒಂದು ಡಿಫೆಕ್ಟೂ ಇಲ್ದೆ ಮುಳುಗಿರೋ ಹಡಗು ಪ್ರಪಂಚದಲ್ಲಿ ಇದೊಂದೇ ಇರ್ಬೇಕು."

೩. ಹಲಸೂರಿನ ನೌಕಾಪಡೆ

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ಇನ್ಸ್‌ಪೆಕ್ಷನ್ ಅಂಕಲ್ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ಳು. ಮೊಮ್ಮಗಳನ್ನ ನೋಡೋಕೆ ಹಲಸೂರಿಂದ ಬೀಗರು ದಿನಾ ಬರ್ತಿದ್ರು. ಅವರು ನೌಕಾಪಡೆಯವರು. ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಮೇಲೆ ಸಿಗ್ನಲ್ ಕೊಡೋ ಕೆಲಸದಲ್ಲಿದ್ರಂತೆ. ಆಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ವಂತೆ. ಈಗ ಮೀಸೆ ಬಂದಿದೆ, ಎರಡು ಕಡೆಯೂ ಮುಖ ದಾಟಿ ಆಚೆಗೆ ಚಾಚಿದೆ.

ಮಗುವಿಗೆ ತನ್ನ ತಾಯಿ ಹೆಸರು ನಂಜಮ್ಮ ಅಂತಲೇ ಇಡ್ಬೇಕು ಅಂತ ಇನ್ಸ್‌ಪೆಕ್ಷನ್ ಅಂಕಲ್. ತನ್ನ ತಾಯಿ ಹೆಸರು ಸಾಕಮ್ಮ ಅಂತಲೇ ಇಡ್ಬೇಕು ಅಂತ ಬೀಗರು. "ಗಂಡಿನ ಕಡೆಯವರ ಹಕ್ಕು ಅದು ಬೀಗರೇ." "ಬಾಣಂತನ ನಮ್ಮನೇಲಿ, ಹೆಸರು ನಿಮ್ಮನೇದಾ ಬೀಗರೇ?" ದಿನಾ ಇದೇ. ನಾಮಕರಣಕ್ಕೆ ಇನ್ನು ಮೂರು ವಾರ. ಕೊನೆಗೆ ಆಂಟಿ, ಅಂದ್ರೆ ಇನ್ಸ್‌ಪೆಕ್ಷನ್ ಅಂಕಲ್ ಹೆಂಡ್ತಿ, ರೇಗಿ ಹೇಳಿದ್ರಂತೆ: "ಆ ಕಂಪ್ಯೂಟರ್ ಅಂಗಡಿಗೆ ಹೋಗಿ ಹಡಗಲ್ಲೇ ಹೊಡೆದಾಡ್ಕೊಳ್ಳಿ. ಗೆದ್ದೋರು ಹೆಸರಿಡ್ಲಿ." ಮೂರು ವಾರ ಪ್ರ್ಯಾಕ್ಟೀಸು, ನಾಮಕರಣದ ಹಿಂದಿನ ದಿನ ಫೈನಲ್ಲು ಅಂತ ಇಬ್ರೂ ಒಪ್ಕೊಂಡ್ರು. ಇಬ್ಬರಿಗೂ ತಾಯಿ ಅಂದ್ರೆ ಪ್ರಾಣ. ಹೇಳೋವಾಗ ಇಬ್ಬರ ಕಣ್ಣಲ್ಲೂ ನೀರು. ನನಗೂ ಪಾಪ ಅನ್ನಿಸ್ತು.

ನೇವಿ ಅಂಕಲ್ ಮೊದಲ ದಿನ ಪರದೆ ಮುಂದೆ ಅಟೆನ್ಷನಲ್ಲಿ ನಿಂತು ಹಡಗನ್ನ ಪೂರ್ತಿ ನೋಡಿದ್ರು.

"ಸಿಗ್ನಲ್ ಕೊಡೋನು ಎಲ್ಲಿ?"

"ಇವರು ಕಡಲ್ಗಳ್ಳರು ಸಾರ್. ಅಂಥೋರು ಯಾರೂ ಇರಲ್ಲ."

"ಮೇಲಿಂದ ಆರ್ಡರ್ ಬರಲ್ವಾ?"

"ಇಲ್ಲ ಸಾರ್. ತಾವೇ ಹೊಡೀತಾರೆ, ತಾವೇ ದೋಚ್ತಾರೆ."

ಅವರು ಬೇಜಾರಿಂದ ತಲೆ ಅಲ್ಲಾಡಿಸಿದ್ರು. "ಅದಕ್ಕೇ ಇವ್ರಿಗೆ ಪಿಂಚಣಿ ಇಲ್ಲ."

೪. ಹಗಲು ಹನ್ನೊಂದಕ್ಕೆ ಕತ್ತಲೆ

ಒಂದು ದಿನ ನಾನು ಟೋನರ್ ತರೋಕೆ ಶಿವಾಜಿನಗರಕ್ಕೆ ಹೋಗಿದ್ದೆ. ಅಂಗಡಿ ನೋಡ್ಕೊಳ್ಳಿ ಸಾರ್ ಅಂತ ನೇವಿ ಅಂಕಲ್‌ಗೆ ಹೇಳಿದ್ದೇ ತಪ್ಪಾಯ್ತು. ವಾಪಸ್ ಬಂದ್ರೆ ಶಟರ್ ಅರ್ಧ ಇಳಿದಿದೆ, ಟ್ಯೂಬ್‌ಲೈಟ್ ಆರಿದೆ, ಕಿಟಕಿಗೆ ನನ್ನದೇ ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟಿದೆ. ರೇಷನ್ ಕಾರ್ಡ್ ಜೆರಾಕ್ಸಿಗೆ ಬಂದಿದ್ದ ಹೆಂಗಸೊಬ್ಳು, ಯಾರೋ ತೀರ್ಕೊಂಡಿದ್ದಾರೆ ಅಂದ್ಕೊಂಡು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ಳು.

"ಏನ್ಸಾರ್ ಇದೆಲ್ಲ?"

"ಬ್ಲ್ಯಾಕೌಟ್. ಯುದ್ಧ ಕಾಲದಲ್ಲಿ ಹಡಗಿಂದ ಒಂದು ಕಿಡಿ ಬೆಳಕು ಹೊರಗೆ ಹೋಗೋ ಹಾಗಿಲ್ಲ. ಡೆಕ್ ಮೇಲೆ ಬೀಡಿ ಹಚ್ಚಿದ್ರೂ ಶತ್ರುಗೆ ಕಾಣುತ್ತೆ. ನಾವು ಆಗ ರಾತ್ರಿಗಟ್ಟಲೆ ಉಸಿರು ಬಿಗಿ ಹಿಡ್ಕೊಂಡು..."

ನನಗೆ ನೆತ್ತಿಗೇರ್ತು. "ಅದು ರಾತ್ರಿ, ಸಮುದ್ರ! ಇದು ಹಗಲು ಹನ್ನೊಂದು ಗಂಟೆ ಸಾರ್! ಯಾವ ಶತ್ರು ಬರ್ತಾನೆ ಇಲ್ಲಿಗೆ?"

ಅಷ್ಟರಲ್ಲಿ ಶಟರ್ ಕೆಳಗಿಂದ ಬಗ್ಗಿ ಇನ್ಸ್‌ಪೆಕ್ಷನ್ ಅಂಕಲ್ ತಲೆ ತೂರಿಸಿದ್ರು.

"ನೋಡ್ದ್ಯಾ," ಅಂದ್ರು ನೇವಿ ಅಂಕಲ್, "ಬಂದ್ರು."

೫. ಫೈನಲ್ಲು

ಶನಿವಾರ ಬೆಳಿಗ್ಗೆ ಇಬ್ರೂ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಹಣೆಗೆ ಕುಂಕುಮ ಇಟ್ಕೊಂಡು ಬಂದ್ರು. ಇಬ್ಬರೇ ಆಡೋ ಹಾಗೆ ಸೆಟ್ ಮಾಡ್ಕೊಟ್ಟೆ. ಎರಡು ಹಡಗು ಎದುರುಬದುರು, ನಡುವೆ ಒಂದು ಬಂಡೆ, ಅದರ ಮೇಲೆ ಡ್ರ್ಯಾಗನ್ ಮಲಗಿದೆ. ಎಚ್ಚರಿಕೇನೂ ಹೇಳ್ದೆ: "ನೋಡಿ, ಹಡಗು ಒಂದೇ ಕಡೆ ಜಾಸ್ತಿ ಹೊತ್ತು ನಿಂತ್ರೆ ಇದು ಎದ್ದುಬಿಡುತ್ತೆ. ಓಡಾಡ್ತಾ ಇರ್ಬೇಕು, ಹೊಡೀತಾ ಇರ್ಬೇಕು." ಇಬ್ರೂ ಹೂಂ ಅಂದ್ರು.

ಜೆರಾಕ್ಸಿಗೆ ಬಂದೋರನ್ನೆಲ್ಲ "ಆಮೇಲೆ ಬನ್ನಿ" ಅಂತ ಕಳಿಸ್ದೆ. ಪಾಪ, ಆ ಕೂಸು ನಾಳೆಯಿಂದ ನಂಜಮ್ಮನೋ ಸಾಕಮ್ಮನೋ ಆಗಿ ಬದುಕ್ಬೇಕಲ್ಲ!

"ಬೀಗರೇ, ತಪ್ಪು ತಿಳ್ಕೋಬೇಡಿ. ಗುಂಡು ಹಾರಿಸೋನಿದ್ದೀನಿ," ಅಂದ್ರು ಇನ್ಸ್‌ಪೆಕ್ಷನ್ ಅಂಕಲ್.

"ಅಯ್ಯೋ, ಧಾರಾಳವಾಗಿ ಹಾರಿಸಿ. ಕಾಫಿ ಆಯ್ತಾ?"

"ಆಯ್ತು ಬೀಗರೇ. ಒಂದ್ನಿಮಿಷ, ಫಿರಂಗಿ ಚೆಕ್ ಮಾಡ್ಕೊಂಡ್ಬಿಡ್ತೀನಿ."

"ಮಾಡ್ಕೊಳ್ಳಿ, ಮಾಡ್ಕೊಳ್ಳಿ. ನಮಗೂ ಇನ್ನೂ ಆರ್ಡರ್ ಬಂದಿಲ್ಲ."

ಇವರು ಒಂದನೇ ಫಿರಂಗಿಗೆ ಟಿಕ್ ಹಾಕಿದ್ರು, ಎರಡನೇದಕ್ಕೆ ಹಾಕಿದ್ರು. ಅವರು ಕೈ ಕಟ್ಕೊಂಡು, ಬರದೇ ಇರೋ ಆರ್ಡರ್ ಕಾಯ್ತಾ ಕೂತ್ರು. ಬಂಡೆ ಮೇಲೆ ಡ್ರ್ಯಾಗನ್ ಒಂದು ಕಣ್ಣು ಬಿಡ್ತು.

"ಅಂಕಲ್! ಎದ್ದಿದೆ!" ಅಂತ ಕೂಗ್ಕೊಂಡೆ.

"ಇನ್ನು ನಾಲ್ಕೇ ಬಾಕಿ," ಅಂದ್ರು ಇವರು.

"ಆರ್ಡರ್ ಇಲ್ದೆ ಹೊಡೆದ್ರೆ ಕೋರ್ಟ್ ಮಾರ್ಷಲ್ಲು," ಅಂದ್ರು ಅವರು.

ಡ್ರ್ಯಾಗನ್ ಎದ್ದು, ಮೈ ಮುರಿದು, ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ಉಸಿರು ಬಿಡ್ತು. ಅಷ್ಟೇ. ಎರಡೂ ಹಡಗು ಬುಳುಬುಳು ಅಂತ ತಳ ಸೇರಿದ್ವು. ಒಬ್ಬರೂ ಒಂದು ಗುಂಡೂ ಹಾರಿಸಿರಲಿಲ್ಲ.

ಆಮೇಲೆ ಶುರುವಾಯ್ತು ನೋಡಿ ನಿಜವಾದ ಯುದ್ಧ. ಯಾರ ಹಡಗು ಮೊದಲು ಮುಳುಗ್ತು ಅಂತ. ನಿಮ್ಮದು ಅರ್ಧ ಸೆಕೆಂಡ್ ಮುಂಚೆ ಅಂತ ಇವರು, ನಮ್ಮ ಬಾವುಟ ಇನ್ನೂ ಮೇಲಿತ್ತು ಅಂತ ಅವರು. ಮತ್ತೊಂದಾಟ ಆಗ್ಲೇಬೇಕು ಅಂತ ಇಬ್ರೂ ಮೇಜು ಗುದ್ದೋ ಹೊತ್ತಿಗೆ ಆಂಟಿ ಒಳಗೆ ಬಂದ್ರು.

"ಇದೊಂದು ಎರಡು ಕಾಪಿ ತೆಗೆದುಕೊಡಪ್ಪಾ."

ಮೆಷಿನ್ ಮೇಲಿಡೋಕೆ ಹೋಗಿ ಕಾಗದ ನೋಡ್ದೆ. ಬರ್ತ್ ಸರ್ಟಿಫಿಕೇಟು. ತಂದೆ, ತಾಯಿ ಅನ್ನೋ ಕಡೆ ಇವರ ಅಳಿಯ, ಮಗಳ ಹೆಸರು, ವಿಳಾಸ ಇವರ ಮನೇದೇ. ಮಗುವಿನ ಹೆಸರು: ಮೈರಾ.

"ಆಂಟಿ, ಹೆಸರು ಆಗ್ಲೇ ಹಾಕ್ಸಿಬಿಟ್ಟಿದ್ದೀರಲ್ಲ!"

ಇಬ್ಬರು ಅಂಕಲ್‌ಗಳೂ ಒಟ್ಟಿಗೆ ಬಂದು ಕಾಗದದ ಮೇಲೆ ಬಗ್ಗಿದ್ರು. ಇನ್ಸ್‌ಪೆಕ್ಷನ್ ಅಂಕಲ್ ಮೂರು ಸಲ ಓದಿದ್ರು, ಡಿಫೆಕ್ಟ್ ಸಿಗಲಿಲ್ಲ.

"ಯಾವಾಗ ಆಗಿದ್ದೇ ಇದು?"

"ಆಸ್ಪತ್ರೆಯಿಂದ ಬಂದ ವಾರದಲ್ಲೇ. ಮಗಳು ಅಳಿಯ ಸೇರಿ ಬರೆಸಿದ್ರು."

"ಮತ್ತೆ ಮೂರು ವಾರ ನಮ್ಮನ್ನ ಯಾಕೆ ಯುದ್ಧಕ್ಕೆ ಕಳಿಸ್ದೆ?"

"ನೀವಿಬ್ರೂ ಮನೇಲಿದ್ರೆ ಮಗು ಎಲ್ರೀ ಮಲಗುತ್ತೆ? ಈ ಮೂರು ವಾರ ಹೇಗೆ ನಿದ್ದೆ ಮಾಡ್ತು ಗೊತ್ತಾ? ಬಾಣಂತಿ ಮಲಗಿದ್ಳು, ನಾನೂ ಮಲಗಿದ್ದೆ."

ನಾನು ನಗು ತಡ್ಕೊಳ್ಳೋಕೆ ಜೆರಾಕ್ಸ್ ಮೆಷಿನ್ ಒಳಗೇ ತಲೆ ಹಾಕ್ದೆ. ಆಂಟಿ ಕಾಪಿಗಳನ್ನ ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು, ಬಾಗಿಲವರೆಗೂ ಹೋಗಿ ಮತ್ತೆ ತಿರುಗಿದ್ರು.

"ಏನಪ್ಪಾ, ನಿನ್ನ ಹತ್ರ ವರ್ಷದ ಪಾಸ್ ಅಂತ ಏನಾದ್ರೂ ಇದ್ಯಾ? ಇಬ್ಬರಿಗೂ ಒಂದೊಂದು ಮಾಡ್ಕೊಟ್ಬಿಡು."