ಐದನೆಯ ಎತ್ತು

ಎರಡು ಸಾವಿರದ ಇಪ್ಪತ್ತೈದರ ಜೂನ್ ಇಪ್ಪತ್ತೈದು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಶಿವಪ್ರಕಾಶ ಹಿತ್ತಲ ಕೋಣೆಯ ಗೂಡಿಗೆ ಕೈ ಹಾಕಿದ. ಗೂಡು ಖಾಲಿ ಇತ್ತು. ಒಣಗಲು ಇಟ್ಟಿದ್ದ ಮಣ್ಣಿನ ಕಾರು ಅಲ್ಲಿರಲಿಲ್ಲ.

ಅವನ ಎದೆ ಹಿಟ್ಟಿನ ಗಿರಣಿಯ ಸಡಿಲ ಪಟ್ಟಿಯಂತೆ ಪಟಪಟ ಬಡಿದುಕೊಳ್ಳತೊಡಗಿತು.

ಕಾರೆಂದರೆ ಅಂಗೈಯಲ್ಲಿ ಕೂರುವಷ್ಟು. ಆದರೆ ಅದರ ಮೇಲೆ ಅವನ ನೌಕರಿ ಕೂತಿತ್ತು. ಶಿವಪ್ರಕಾಶ ಇಳಕಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ; ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದ ಪ್ರಾಚಾರ್ಯ ಪಂಢರೀನಾಥರಿಗೆ ಇರುವುದು ಒಂದೇ ಹುಚ್ಚು, ಸ್ಲಾಟ್ ಕಾರು. ಅವರ ಮನೆಯ ಪಡಸಾಲೆಯ ತುಂಬ ಹಲಗೆಯ ರಸ್ತೆ, ರಸ್ತೆಯ ನಡುವೆ ಉದ್ದಕ್ಕೂ ಒಂದು ಸೀಳು. ಆ ಸೀಳಿಗೆ ಮೂಗು ಸಿಕ್ಕಿಸಿಕೊಂಡು ಪುಟ್ಟ ಕಾರುಗಳು ಕರೆಂಟಿನ ಬಲದಿಂದ ಸುಂಯ್ ಎಂದು ಓಡುತ್ತವೆ. ಆ ದಿನ ಸಂಜೆ ಏಳೂವರೆಗೆ ಬಾದಾಮಿಯ ಡಾಕ್ಟರೊಬ್ಬರ ಜೊತೆ ಅವರ ಪಂದ್ಯವಿತ್ತು. ಮೋಟಾರು, ಗಾಲಿ ಎಲ್ಲ ಕೂಡಿಸಿದ ಚಾಸಿ ಸಿದ್ಧವಾಗಿತ್ತು. ಮೇಲೆ ಹೊದಿಸಲು ಹಳೆಯ ಅಂಬಾಸಿಡರ್ ಆಕಾರದ ಬಾಡಿ ಬೇಕಾಗಿತ್ತು, ಅವರ ತಂದೆಯವರ ಕಾರಿನ ನೆನಪಿಗೆ. "ಅದೇನ್ ದೊಡ್ಡದ್ರಿ ಸರ್, ಮನ್ಯಾಗ ಮಾಡಿಕೊಡ್ತೇನಿ" ಎಂದು ಶಿವಪ್ರಕಾಶ ಸ್ಟಾಫ್ ರೂಮಿನಲ್ಲಿ ಅಂದುಬಿಟ್ಟಿದ್ದ. ಅಂದ ದಿನದಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಉಪಾಯವೇನೋ ಶಾಸ್ತ್ರೀಯವಾಗಿಯೇ ಇತ್ತು. ಜಿಗುಟು ಮಣ್ಣಿನಲ್ಲಿ ಕಾರಿನ ಅಚ್ಚು ಮಾಡುವುದು. ಅದು ಒಣಗಿ ಗಟ್ಟಿಯಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಾಸಿ ಮೇಲೆ ಹೊದಿಸುವುದು. ಕೆಳಗಿನಿಂದ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಗಾಳಿ ಎಳೆದರೆ ಹಾಳೆ ಅಚ್ಚಿಗೆ ಬಿಗಿಯಾಗಿ ಕೂತು ಕಾರಿನ ರೂಪ ತಾಳುತ್ತದೆ. ಎಲ್ಲವೂ ಸರಿ. ಅಚ್ಚೇ ಇಲ್ಲ!

"ಯವ್ವಾ, ಹಿತ್ತಲ ಗೂಡಿನ್ಯಾಗ ಮಣ್ಣಿಂದೊಂದು ಇತ್ತಲ್ಲ..."

"ಎತ್ತಲಾ? ಇಲ್ಲೇ ಐತಿ ಬಾರಪ್ಪ" ಎಂದು ದೇವರ ಕೋಣೆಯಿಂದ ತಾಯಿ ಗುರುಲಿಂಗವ್ವನ ದನಿ ಬಂತು.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ದೇವರ ಜಗಲಿಯ ಮೇಲೆ ನಾಲ್ಕು ಮಣ್ಣೆತ್ತು ಸಾಲಾಗಿ ನಿಂತಿದ್ದವು. ಐದನೆಯ ಜಾಗದಲ್ಲಿ ಅಂಬಾಸಿಡರ್ ಕೂತಿತ್ತು. ಬಾನೆಟ್ಟಿನ ಮೇಲೆ ಕುಂಕುಮ, ಟಾಪಿನ ಮೇಲೆ ಅರಿಸಿನ, ಮುಂದೆ ಒಂದು ಕಡಬು.

"ಅಮೀನಗಡದಾಗ ಐದು ಎತ್ತು ತಗೊಂಡಿದ್ನೆಪಾ. ಬಸ್ಸಿನ್ಯಾಗ ಯಾವನೋ ಪುಣ್ಯಾತ್ಮ ಒಂದರ ಮ್ಯಾಲೆ ಕುಂತ. ಏನ್ ಮಾಡ್ಲಿ ಅಂತ ರಾತ್ರಿ ಎಲ್ಲಾ ಚಿಂತಿ. ನೋಡಿದ್ರ ನೀನೇ ಮಾಡಿಟ್ಟಿ! ಕಾಲು ಹಚ್ಚೂದು ಮರತೀದಿ, ಇರ್ಲಿ. ಮಕ್ಕೊಂಡ ಎತ್ತು ಅಂದ್ರಾತು. ಹಿಣಿಲು ಮಾತ್ರ ಭಾಳ ಚಂದ ಬಂದೈತಿ."

ತಾಯಿ ಹಿಣಿಲು, ಅಂದರೆ ಎತ್ತಿನ ಡುಬ್ಬ, ಎಂದದ್ದು ಕಾರಿನ ಟಾಪನ್ನು. ಆಯುಧ ಪೂಜೆಯ ದಿನವಾಗಿದ್ದರೆ ನಿಜ ಹೇಳಬಹುದಿತ್ತು. ಎತ್ತೆಂದು ಆರತಿ ಎತ್ತಿ ಕಣ್ಣಿಗೊತ್ತಿಕೊಂಡ ತಾಯಿಗೆ "ಅದು ಕಾರು" ಎನ್ನುವ ಧೈರ್ಯ ಶಿವಪ್ರಕಾಶನ ವಂಶದಲ್ಲೇ ಯಾರಿಗೂ ಇರಲಿಲ್ಲ.

"ಯವ್ವಾ, ಅದರಾಗ ಒಂದು ಬಿರುಕು ಐತಿ. ಸ್ವಲ್ಪ ಕೊಡ, ಸರಿ ಮಾಡಿ ತರ್ತೇನಿ."

"ಪೂಜಿ ಆದ ದೇವರನ್ನ ರಿಪೇರಿ ಮಾಡ್ತೀಯೇನ? ಮುಟ್ಟಬ್ಯಾಡ! ಹೊತ್ತು ಮುಣಗೂ ಹೊತ್ತಿಗೆ ಹಳ್ಳಕ್ಕ ಬಿಡೂದು. ಅಲ್ಲೀತನಕ ಜಗಲಿ ಬಿಟ್ಟು ಅಲ್ಲಾಡಂಗಿಲ್ಲ."

ಹಳ್ಳಕ್ಕೆ! ಸುಡದ ಮಣ್ಣು ನೀರಿನಲ್ಲಿ ಏನಾಗುತ್ತದೆಂದು ತಿಳಿಯಲು ಎಂ.ಎಸ್ಸಿ. ಬೇಕಿರಲಿಲ್ಲ. ಶಿವಪ್ರಕಾಶನ ಕಣ್ಣೆದುರು ಅಂಬಾಸಿಡರ್ ಕರಗಿತು, ಅದರ ಹಿಂದೆಯೇ ಕಾಯಂ ನೌಕರಿಯೂ ಕರಗಿತು.

ಅಷ್ಟರಲ್ಲಿ ಫೋನು. ಪ್ರಾಚಾರ್ಯರು.

"ಶಿವಪ್ರಕಾಶ, ಬಾಡಿ ಎಲ್ಲೀತನಕ ಬಂತು?"

"ಒಣಗೇತ್ರಿ ಸರ್. ಚಲೋ ಜಾಗಾದಾಗ ಇಟ್ಟೇನ್ರಿ."

"ನೋಡ್ರಿ, ಡಾಕ್ಟರ ಮುಂದ ನನ್ನ ಮಾನ ಹೋತಂದ್ರ ನಾ ಸಿಟ್ಟ ಮಾಡೂದಿಲ್ಲ. ನಿಮ್ಮ ಕಾಯಂ ವಿಷಯ ಮಾತ್ರ ತಣ್ಣಗ ಕೂತು ವಿಚಾರ ಮಾಡಬೇಕಾಗ್ತದ."

ಪಂಢರೀನಾಥರ ಸಿಟ್ಟಿಗೆ ಕಾಲೇಜಿನಲ್ಲಿ ಯಾರೂ ಹೆದರುತ್ತಿರಲಿಲ್ಲ. ಎಲ್ಲರೂ ಹೆದರುತ್ತಿದ್ದುದು ಅವರ ತಣ್ಣಗಿನ ವಿಚಾರಕ್ಕೆ. ಶಿವಪ್ರಕಾಶ ಕಾಲೇಜಿಗೆ ರಜೆ ಹಾಕಿ ಜಗಲಿಯ ಎದುರು ಕಾವಲು ಕೂತ. ಮಗನಿಗೆ ಇದ್ದಕ್ಕಿದ್ದಂತೆ ಬಂದ ಭಕ್ತಿ ಕಂಡು ತಾಯಿ ಇನ್ನೆರಡು ಕಡಬು ಹೆಚ್ಚು ಬಡಿಸಿದಳು.

ಹನ್ನೊಂದರ ಸುಮಾರಿಗೆ ಪಕ್ಕದ ಮನೆಯ ರಂಜಾನಬಿ ಸಕ್ಕರೆ ಕೇಳಲು ಬಂದವಳು ಜಗಲಿಯ ಕಡೆ ಇಣುಕಿದಳು.

"ಅಕ್ಕಾ, ಇದೇನ ಇದು? ಎತ್ತಲ್ಲ ಬಿಡ. ಕೆಸರಾಗ ಕುಂತ ಎಮ್ಮಿ ಇದ್ದಂಗ ಐತಿ."

"ನನ್ನ ಮಗಾ ಮಾಡ್ಯಾನವಾ!"

"ಹಂಗಂದ್ರ ಎತ್ತು ಇರಬೇಕು ಬಿಡು" ಎಂದು ರಂಜಾನಬಿ ಶಿವಪ್ರಕಾಶನನ್ನು ಕನಿಕರದಿಂದ ನೋಡಿದಳು. "ಸಾಲಿ ಭಾಳ ಕಲಿತೋರಿಗೆ ಎತ್ತು ಎಮ್ಮಿ ಎಲ್ಲಾ ಒಂದೇ. ಅಲ್ಲೋ ತಮ್ಮಾ, ಕೊಂಬರೆ ಹಚ್ಚಬಾರ್ದೇನೋ?"

ಅವಳು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಉಪನ್ಯಾಸಕರ ಎತ್ತನ್ನು ನೋಡಿ ಸೆರಗಿನಲ್ಲಿ ನಕ್ಕು ಹೋದರು. ಒಬ್ಬಾಕೆ ಬೆರಳಿನಿಂದ ಬಾನೆಟ್ಟು ತಿವಿಯಲು ಹೋದಾಗ ಶಿವಪ್ರಕಾಶ "ಮುಟ್ಟಬ್ಯಾಡ್ರೀ!" ಎಂದು ಕಿರುಚಿದ ರಭಸಕ್ಕೆ ದೀಪ ಆರಿತು. ದೀಪ ಆರಿದ್ದು ಕೆಟ್ಟ ಶಕುನವೆಂದು ಗುರುಲಿಂಗವ್ವ ಮತ್ತೊಮ್ಮೆ ಪೂಜೆ ಮಾಡಿದಳು. ಕಾರಿನ ಮೇಲೆ ಇನ್ನೊಂದು ಪದರ ಅರಿಸಿನ ಏರಿತು.

ಮಧ್ಯಾಹ್ನ ಉಂಡು ತಾಯಿ ಅಡ್ಡಾದಳು. ಗೊರಕೆ ಕೇಳಿಸುತ್ತಲೇ ಶಿವಪ್ರಕಾಶ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಐದನೆಯ ಎತ್ತನ್ನು ಎತ್ತಿಕೊಂಡು ಅಡುಗೆಮನೆ ಸೇರಿದ. ಸದ್ದಾಗದಂತೆ ಕಡ್ಡಿ ಗೀರಿ ಒಲೆ ಹಚ್ಚಿದ. ಡಬ್ಬಿಯೊಂದರ ಮುಚ್ಚಳಕ್ಕೆ ತೂತು ಕೊರೆದು ಮೇಲೆ ಕಾರಿಟ್ಟ. ಡಬ್ಬಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿದ. ಚೌಕಟ್ಟಿಗೆ ಬಿಗಿದ ಹಾಳೆಯನ್ನು ಒಲೆಯ ಮೇಲೆ ಹಿಡಿದ. ಹಾಳೆ ಬೆಚ್ಚಗಾಗಿ ಹಪ್ಪಳದಂತೆ ನಡುವೆ ಜೋತುಬಿತ್ತು. ಸರಕ್ಕನೆ ಕಾರಿನ ಮೇಲೆ ಒತ್ತಿ ಸ್ವಿಚ್ ಹಾಕಿದ.

ಮುಚ್ಚಿದ ಮನೆಯಲ್ಲಿ ಆ ಯಂತ್ರ ವಿಮಾನದಂತೆ ಗರ್ಜಿಸಿತು.

"ಯಾರ ಅದು?" ತಾಯಿ ಎದ್ದಳು.

"ಗ್ಯಾಸ್ ಸೋರಾಕತ್ತೈತಿ! ವಾಸನಿ ಬರಾಕತ್ತೈತಿ! ಹೊರಗ ಬರ್ರೇ ಎಲ್ಲಾರೂ!" ಗೋಡೆಯಾಚೆಯಿಂದ ರಂಜಾನಬಿ ಕೂಗಿದಳು.

ಕರೆಂಟ್ ಹೋಗಬೇಕಾದರೂ ಅದೇ ಗಳಿಗೆ ಬೇಕಿತ್ತೇ? ಯಂತ್ರ ತಣ್ಣಗಾಯಿತು. ಪ್ಲಾಸ್ಟಿಕ್ಕೂ ತಣ್ಣಗಾಯಿತು. ಬಾಡಿಯೇನೋ ಅಷ್ಟರಲ್ಲೇ ಸೊಗಸಾಗಿ ಮೂಡಿತ್ತು. ಆದರೆ ಕಾರಿನ ಹೊಟ್ಟೆ ಉಬ್ಬಿ, ಬುಡ ಒಳಗೆ ಹೋಗಿದ್ದರಿಂದ ಹಾಳೆ ಬುಡದವರೆಗೂ ಅವುಚಿ ಹಿಡಿದಿತ್ತು. ಎಳೆದರೂ ಬಾರದು, ಜಗ್ಗಿದರೂ ಬಾರದು. ಅಚ್ಚನ್ನು ಒಡೆಯೋಣವೆಂದರೆ ಪೂಜೆಯಾದ ಎತ್ತು. ಒಡೆಯದಿದ್ದರೆ ಪ್ರಾಚಾರ್ಯರು. ಹಾಳೆಯ ಹೆಚ್ಚಿನ ಅಂಚನ್ನು ಕತ್ತರಿಸುವಷ್ಟರಲ್ಲಿ ಹೆಂಡತಿ ಶೈಲಾ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ತಾಯಿ, ತಾಯಿಯ ಹಿಂದೆ ರಂಜಾನಬಿ.

"ನನ್ನ ದೇವರಿಗೆ ಏನ್ ಮಾಡಿದ್ಯೋ?" ಗುರುಲಿಂಗವ್ವ ಕೂಗಿದಳು.

ಶೈಲಾ ಗಂಡನ ಮುಖ ನೋಡಿದಳು. ಎಲ್ಲ ಬಲ್ಲವಳು ಅವಳೊಬ್ಬಳೇ. "ರೇನಕೋಟ್ ರೀ ಅತ್ತಿ" ಎಂದಳು. "ಮಳಿಗಾಲ ಬಂತಲ್ಲ, ಎತ್ತು ತೊಯ್ಸಿಕೋಬಾರ್ದಂತ ಇವರು ಹೊಲಿದಾರ... ಅಂದ್ರ, ಮಾಡ್ಯಾರ."

ಗುರುಲಿಂಗವ್ವನ ಕಣ್ಣು ತುಂಬಿ ಬಂತು. "ಉಳಿದ ನಾಕು ಏನ್ ಪಾಪ ಮಾಡ್ಯಾವು? ಅವಕ್ಕೂ ಹಾಕಪಾ."

"ಹಾಳಿ ಮುಗದೈತಿ ಬೇ" ಎಂದ ಶಿವಪ್ರಕಾಶ. ಆ ದಿನ ಅವನಾಡಿದ ಮೊದಲ ಸತ್ಯ ಅದು.

ಹೊತ್ತು ಇಳಿಯಿತು. ರೇನ್‌ಕೋಟಿನ ಎತ್ತು ಜಗಲಿಯಿಂದ ಬುಟ್ಟಿಗೆ, ಬುಟ್ಟಿಯಿಂದ ಹಳ್ಳದ ದಂಡೆಗೆ ಬಂತು. ಬುಟ್ಟಿ ಹೊತ್ತವನು ಶಿವಪ್ರಕಾಶನೇ. ಅವನ ನಡಿಗೆ ಹೆಣದ ಹಿಂದೆ ಮಣ್ಣಿಗೆ ಹೋಗುವವನ ನಡಿಗೆಯಂತಿತ್ತು. ತಾಯಿ ಒಂದೊಂದೇ ಎತ್ತನ್ನು ನೀರಿಗೆ ಬಿಟ್ಟಳು. ಕೊನೆಯದು ಅವನ ಪಾಲಿಗೆ ಬಂತು. ಮೊಣಕಾಲುದ್ದ ನೀರಿನಲ್ಲಿ ನಿಂತು ಕಾರನ್ನು ಮುಳುಗಿಸಿ, ಕೈ ಬಿಡಲಾರದೆ ಹಿಡಿದೇ ನಿಂತ. ತಾಯಿ ದಂಡೆಯ ಮೇಲೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಅವಳ ಪ್ರಾರ್ಥನೆ ಉದ್ದವಾಗಿತ್ತು. ಮಗ ಕಾಯಂ ಆಗಲಿ ಎಂಬುದೂ ಅದರಲ್ಲಿತ್ತು.

ಆಗ ಅವನ ಬೆರಳಿಗೆ ಏನೋ ಜಾರಿದಂತಾಯಿತು. ಒಣಗಿದ ಮಣ್ಣು ನೀರು ಕುಡಿದು ಅರಳಿ, ಬುಡದಿಂದ ಹಿಟ್ಟಿನಂತೆ ಉದುರತೊಡಗಿತ್ತು. ಬೆರಳು ಹಾಕಿ ಕೆದಕಿದ. ಇನ್ನಷ್ಟು ಉದುರಿತು. ಎಳೆದರೂ ಬಾರದ ಅಚ್ಚು ತಾನಾಗಿ ಹೊರಗೆ ಬಂದು ಹಳ್ಳ ಸೇರಿತು. ಕೈಯಲ್ಲಿ ಉಳಿದದ್ದು ಒಂದು ಗೀರೂ ಇಲ್ಲದ, ಗಾಜಿನಂತೆ ಹೊಳೆಯುವ ಅಂಬಾಸಿಡರ್! ಇಡೀ ದಿನ ಯಾವ ನೀರಿಗೆ ಹೆದರಿದ್ದನೋ ಅದೇ ನೀರು ಅವನನ್ನು ಕಾಪಾಡಿತ್ತು. ಅವನು ಬಾಡಿಯನ್ನು ಅಂಗಿಯೊಳಗೆ ತುರುಕಿಕೊಂಡು, ತಾಯಿಯನ್ನು ಮನೆಗೆ ಬಿಟ್ಟು, ಒದ್ದೆ ಪ್ಯಾಂಟಿನಲ್ಲೇ ಬೈಕ್ ಒದ್ದ.

ಪ್ರಾಚಾರ್ಯರ ಪಡಸಾಲೆಯಲ್ಲಿ ಡಾಕ್ಟರು ತಮ್ಮ ಕಾರನ್ನು ಆಗಲೇ ಸೀಳಿಗೆ ಇಳಿಸಿ ಕೂತಿದ್ದರು. ಪಂಢರೀನಾಥರು ಬಾಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಥೇಟ್ ಅಪ್ಪಾಜಿಯವರ ಗಾಡಿ! ಶಿವಪ್ರಕಾಶ, ನಿಮ್ಮ ಕಾಯಂ ಕೆಲಸ ನಾಳೆ ಮುಂಜಾನೆ ಮುಗಸ್ತೇನಿ."

ಶಿವಪ್ರಕಾಶ ಆ ದಿನ ಮೊದಲ ಬಾರಿಗೆ ಪೂರ್ತಿ ಉಸಿರು ಎಳೆದುಕೊಂಡ.

ಪ್ರಾಚಾರ್ಯರು ಬಾಡಿಯನ್ನು ಚಾಸಿಯ ಮೇಲಿಟ್ಟು ಒತ್ತಿದರು. ಅದು ಇಳಿಯಲಿಲ್ಲ. ತಿರುಗಿಸಿ ಒತ್ತಿದರು. ಗಾಲಿಗಳ ಮೇಲೆ, ದೊಡ್ಡವನ ತಲೆಗೆ ಕೂಸಿನ ಕುಲಾವಿ ಇಟ್ಟಂತೆ ನಿಂತುಬಿಟ್ಟಿತು.

"ಯಾಕ್ರಿ ಪಂಢರೀನಾಥ, ನಿಮ್ಮ ಗಾಡಿ ಹಬ್ಬದಾಗ ಕಡಬು ಭಾಳ ತಿಂದದೇನು?" ಡಾಕ್ಟರು ಹೊಟ್ಟೆ ಹಿಡಿದು ನಕ್ಕರು.

ಪಂಢರೀನಾಥರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅಳತಿ ಯಾವಾಗ ತಗೊಂಡಿದ್ರಿ?"

"ಮಣ್ಣು ಹಸಿ ಇದ್ದಾಗ್ರಿ ಸರ್" ಎಂದ ಶಿವಪ್ರಕಾಶ. ಅನ್ನುತ್ತಿದ್ದಂತೆಯೇ ಅವನಿಗೆ ಎಲ್ಲ ಹೊಳೆಯಿತು. ಹಸಿ ಮಣ್ಣು ಒಣಗಿದರೆ ಕುಗ್ಗುತ್ತದೆ. ತಾಯಿ ಅದನ್ನು ಎತ್ತೆಂದು ಜಗಲಿಗೆ ಏರಿಸುವ ಮೊದಲೇ, ಗೂಡಿನಲ್ಲಿ ಸದ್ದಿಲ್ಲದೆ, ಅವನ ಕಾರು ಕೆಲಸಕ್ಕೆ ಬಾರದಂತಾಗಿತ್ತು. ಇಡೀ ದಿನ ಅವನು ಹೆದರಿ ಕಾಪಾಡಿದ್ದು ಅದನ್ನೇ.

ಪಂಢರೀನಾಥರು ತಣ್ಣಗೆ ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿದ್ದ ಅಳತೆಪಟ್ಟಿ ತೆಗೆದುಕೊಂಡರು. ಚಾಸಿಯ ಅಗಲ ಅರವತ್ತೆರಡು ಮಿಲಿಮೀಟರ್ ಇತ್ತು. ಬಾಡಿಯ ಒಳ ಅಗಲ ಐವತ್ತೆಂಟು ಮಿಲಿಮೀಟರ್.