ದೂರು ಬರೆಯಲು ಇಳಿದೆ, ಸೀರೆ ಮುಂದೆ ಹೋಯಿತು

“ಬಸ್ಸಿಗೇ ಬರ್ರಿ, ರೈಲ್ ನಂಬಬ್ಯಾಡ್ರಿ,” ಎಂದು ಹೇಳಿಯೇ ನನ್ನ ಹೆಂಡತಿ ಎರಡು ದಿನ ಮೊದಲು ಬಾದಾಮಿಗೆ ಹೋಗಿದ್ದಳು. ಅಲ್ಲಿ ನನ್ನ ತಂಗಿಯ ಮಗಳ ಮದುವೆ. ಸೋದರಮಾವ ತಂದ ಸೀರೆ ಉಟ್ಟ ಮೇಲೆಯೇ ಹುಡುಗಿಗೆ ಅಕ್ಕಿಕಾಳು. ಆ ಸೋದರಮಾವ ನಾನೊಬ್ಬನೇ! ಇಳಕಲ್ಲಿನಲ್ಲಿ ಹೇಳಿ ನೇಯಿಸಿದ ಸೀರೆಯನ್ನು ಗಂಟು ಕಟ್ಟಿಕೊಂಡು, ಮದುವೆಯ ದಿನ ಬೆಳಗ್ಗೆ ಬಾಗಲಕೋಟೆಯಲ್ಲಿ ಪ್ಯಾಸೆಂಜರ್ ಹತ್ತಿದೆ. ಮುಹೂರ್ತ ಹನ್ನೆರಡೂವರೆಗೆ. ಹತ್ತಕ್ಕೆ ಬಾದಾಮಿ. ಚಿಂತೆ ಯಾತಕ್ಕೆ?

ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಎದುರಿನಿಂದ ಗೂಡ್ಸ್ ಬರಬೇಕಂತೆ. ಒಂದೂವರೆ ತಾಸಾಯಿತು. ನನಗೆ ಪಿತ್ತ ನೆತ್ತಿಗೇರಿತು. ದೂರು ಬರೆದೇ ತೀರುತ್ತೇನೆ ಎಂದು ಎದ್ದೆ. ಎದುರು ಕೂತಿದ್ದ, ಹಣೆಗೆ ಬೀರಪ್ಪನ ಗುಡಿಯ ಅರಿಸಿನ ಭಂಡಾರ ಹಚ್ಚಿಕೊಂಡ ಅಜ್ಜಿ, “ಗಂಟು ನಾ ನೋಡ್ಕೋತೇನಿ. ಲಗೂನ ಬಾ ಯಪ್ಪಾ,” ಎಂದಳು.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಚುಟುಕಾಗಿ ಬರೆಯುವುದು ನನ್ನ ಜಾಯಮಾನವೇ ಅಲ್ಲ! ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಅವರ ಎದುರಿಗೇ ಕೂತು, “ಘನತೆವೆತ್ತವರ ಪಾದಾರವಿಂದಗಳಿಗೆ” ಎಂದು ಶುರುಮಾಡಿ ಎರಡನೆಯ ಪುಟಕ್ಕೆ ಹೋದೆ. ಅಷ್ಟರಲ್ಲಿ ಗೂಡ್ಸ್ ಬಂತು.

“ಗುರುಗಳ, ಡ್ರೈವರ್‌ಗೆ ಚೆಂಡು ಕೊಟ್ಟು ಬರ್ತೇನ್ರಿ,” ಎಂದು ಸ್ಟೇಷನ್ ಮಾಸ್ತರರು ಎದ್ದರು.

“ಮೊದಲ ಇದನ್ನ ಪೂರ್ತಿ ಕೇಳ್ರಿ!” ಎಂದು ತೋಳು ಹಿಡಿದೆ.

ಆ ದಾರಿ ಒಂಟಿ ಹಳಿಯದು. ಪ್ರತಿ ಸ್ಟೇಷನ್ನಿನಲ್ಲೂ ಡ್ರೈವರ್ ತಂದ ಕಬ್ಬಿಣದ ಚೆಂಡು ಇಸಿದುಕೊಂಡು, ಮುಂದಿನ ದಾರಿಯ ಚೆಂಡು ಕೊಡಬೇಕು. ಅದಿಲ್ಲದೆ ಗಾಡಿ ಮುಂದೆ ಹೋಗುವಂತಿಲ್ಲ. ಅವರು ಕೊಸರಿಕೊಂಡು, ಮೇಜಿನ ಮೇಲಿದ್ದ ಎರಡರಲ್ಲಿ ಕೈಗೆ ಸಿಕ್ಕ ಚೆಂಡು ಹಿಡಿದು ಓಡಿದರು. ನಾನು ‘ಅಕ್ಷಮ್ಯ’ಕ್ಕಿಂತ ಕಠಿಣವಾದ ಶಬ್ದ ಹುಡುಕುತ್ತಿದ್ದೆ. ಶಬ್ದ ಸಿಕ್ಕಿತು. ತಲೆಯೆತ್ತಿದರೆ ಗಾಡಿ ಹೊರಟಿತ್ತು!

ಓಡಿದೆ. ಧೋತರ ಕಾಲಿಗೆ ತೊಡರಿತು. ಬಿದ್ದೆ. “ಮಾಮಾ, ಸೀರಿ ನೀನ ತರಬೇಕು,” ಎಂದಿದ್ದ ಹುಡುಗಿಯ ಮುಖ ಕಣ್ಣಮುಂದೆ ಬಂತು. ಪ್ಲಾಟ್‌ಫಾರ್ಮಿನ ಮೇಲೆಯೇ ಕೂತು ಅತ್ತೆ.

ಆಗ, ದೇವರಾಣೆ, ಗಾಡಿ ಹಿಂದಕ್ಕೆ ಬಂತು! ಡ್ರೈವರ್ ಹೊರಗೆ ಬಾಗಿ ಕೂಗುತ್ತಿದ್ದ: “ಸಾಹೇಬ್ರ, ನಾ ತಂದ ಚೆಂಡು ನನಗ ಕೊಟ್ಟೀರಲ್ರಿ!” ಅಜ್ಜಿ ಸೀರೆಯ ಗಂಟನ್ನು ಎದೆಗವಚಿಕೊಂಡು ಕಿಟಕಿಯಲ್ಲಿ ಕೂತಿದ್ದಳು.

ಸ್ಟೇಷನ್ ಮಾಸ್ತರರ ಮುಖ ಬಿಳಿಚಿತ್ತು. “ಇದನ್ನೂ ಬರೀತೀರೇನ್ರಿ, ಗುರುಗಳ?”

ಅವರನ್ನು ತಬ್ಬಿಕೊಂಡೆ. ದೂರಿನ ಕೆಳಗೆ ಬರೆದೆ: “ಇಂಥ ಸಿಬ್ಬಂದಿ ಪ್ರತಿ ಸ್ಟೇಷನ್ನಿನಲ್ಲೂ ಇರಲಿ!” ಅಷ್ಟು ಚಿಕ್ಕದಾಗಿ ನಾನು ಮತ್ತೆಂದೂ ಬರೆದಿಲ್ಲ.

ಗಾಡಿ ಹತ್ತಿ ಕೂತೆ. ಗಾರ್ಡ್ ಸಂಗತಿ ಹೇಳಿದ್ದೇ ತಡ, ಡಬ್ಬಿಯ ಜನರೆಲ್ಲ ಬೈಯತೊಡಗಿದರು. “ದೂರು ಬರ್ಯಾಕ ಹೋದ ಆ ಶಾಣ್ಯಾ ಯಾರ್ರಿ?”

“ಯಾರೋ ಏನೋ,” ಎಂದೆ. ಅಜ್ಜಿ ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ಆ ತಾಯಿಗೆ ಇವತ್ತಿಗೂ ಋಣಿ.

ಮುಹೂರ್ತಕ್ಕೆ ಕಾಲು ತಾಸು ಇರುವಾಗ ಹಂದರ ಮುಟ್ಟಿದೆ. ಹೆಂಡತಿ ಗಂಟು ಕಸಿದುಕೊಂಡು ಒಳಗೆ ಓಡಿದಳು.

“ಸೀರಿ ಬಂತು! ಸೀರಿ ಬಂತು!” ಎಂದು ಇಡೀ ಹಂದರ ಹಿಗ್ಗಿತು.

ನಾನೂ ಬಂದಿದ್ದೆ.